ಅರಳು ಮರಳೆಂಬ ಅಪವಾದ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. 1891ರಲ್ಲಿ ಜನಿಸಿದ, ಮಾಲೂರು ಸೀಮೆಯ ಮಾಸ್ತಿ ವೆಂಕಟೇಶ ಅಯ್ಯಂಗಾರರು ಈ ಗಾದೆಗೆ ಕಿವಿಗೊಟ್ಟಿದ್ದರೆ ‘ಚಿಕವೀರರಾಜೇಂದ್ರ’ ಹುಟ್ಟುತ್ತಿರಲಿಲ್ಲ. 1956ರಲ್ಲಿ ಅದು ಪ್ರಕಟವಾದಾಗ ಅವರಿಗೆ 65ರ ಪ್ರಾಯ. 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಅದೇ ತಂದಿತು. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ ‘ಶ್ರೀಮದ್ಭಗವದ್ಗೀತಾ ತಾತ್ಪರ್ಯ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಾಗ ಅವರಿಗೆ 80 ತುಂಬಿತ್ತು.

ಇಂತಹ ಮಹನೀಯರನ್ನು ಹೆಸರಿಸಿ ಹೆಮ್ಮೆಪಡುವುದು ಸುಲಭ. ಆದರೆ ಮುಪ್ಪಿನಲ್ಲಿ ಮರ್ಯಾದೆ ಪಡೆಯಲು ಗ್ರಂಥ ರಚಿಸಲೇಬೇಕೆಂಬ ನಿಯಮವುಂಟೆ? ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಬಾಳು ಸವೆಸಿದ ಸಾಮಾನ್ಯ ರೈತನ ಪಾಡೇನು? ಅವನ ಕಿವಿ ಮಂದವಾಗುತ್ತದೆ. ಕೇಳಿದ್ದು ಒಂದಾದರೆ ಉತ್ತರ ಮತ್ತೊಂದು. ಮನೆಯವರು ನಗುತ್ತಾರೆ, ಮರುಳೆನ್ನುತ್ತಾರೆ. ಅವಮಾನಕ್ಕೆ ಅಂಜಿ ಅವನು ಮಾತನ್ನೇ ಬಿಡುತ್ತಾನೆ; ಆ ಮೌನವೇ ಗಾದೆಗೆ ಸಾಕ್ಷಿಯಾಗುತ್ತದೆ. ಕಣ್ಣಿನ ಪೊರೆಗೂ ಮಂಡಿನೋವಿಗೂ ‘ವಯಸ್ಸಾಯಿತಲ್ಲ’ ಎಂಬುದೊಂದೇ ನಿದಾನ. ಪೊರೆಗೆ ಶಸ್ತ್ರಚಿಕಿತ್ಸೆಯುಂಟು, ಕಿವಿಗೆ ಶ್ರವಣಯಂತ್ರವುಂಟು. ವೈದ್ಯರ ಬಳಿಗೆ ಕರೆದೊಯ್ಯುವವರಿಲ್ಲ.

ಗಾದೆ ಬರಿಯ ಮಾತೆಂದು ಬಗೆಯುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಮೆರಿಕದ ಒಹಾಯೊ ರಾಜ್ಯದ ಪಟ್ಟಣವೊಂದರಲ್ಲಿ 50 ದಾಟಿದ 660 ಜನರನ್ನು ಕುರಿತ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ತಮ್ಮ ಮುಪ್ಪಿನ ವಿಷಯದಲ್ಲಿ ಸದ್ಭಾವನೆಯುಳ್ಳವರು ಇತರರಿಗಿಂತ ಸುಮಾರು 7.5 ವರ್ಷ ಹೆಚ್ಚು ಬದುಕಿದ್ದರೆಂದು ಅದರಲ್ಲಿ ಕಂಡುಬಂದಿತು. ಬಾಲ್ಯದಿಂದ ಕೇಳಿದ ಹೀಯಾಳಿಕೆಯನ್ನೇ ಮನುಷ್ಯ ವೃದ್ಧಾಪ್ಯದಲ್ಲಿ ತನ್ನ ಮೇಲೆ ತಾನೇ ಹೇರಿಕೊಳ್ಳುತ್ತಾನಲ್ಲವೆ?

ತಂದೆ ತಾಯಿಯರ ಪೋಷಣೆಯನ್ನು ಮಕ್ಕಳ ಹೊಣೆಯಾಗಿಸಿದ ಕಾಯಿದೆ 2007ರಲ್ಲಿ ಬಂದಿತು. ಕಾಯಿದೆ ಅನ್ನ ಕೊಡಿಸಬಲ್ಲದು; ಮಗಳ ಮದುವೆಯ ಮಾತುಕತೆಯಲ್ಲಿ ಅಜ್ಜಿಯ ಅಭಿಪ್ರಾಯವನ್ನು ಕೇಳಿಸಲಾರದು.

ತಿರಸ್ಕಾರವು ಗೌರವದ ವೇಷದಲ್ಲಿ ಬರುವುದೂ ಉಂಟು. ಅದು ಇನ್ನೂ ಸೂಕ್ಷ್ಮವಾದುದು. ಕೋಲಾರದಂತಹ ಊರಿನಲ್ಲಿ ಮೂರು ದಶಕ ಗಣಿತ ಬೋಧಿಸಿದ ಉಪಾಧ್ಯಾಯರಿಗೆ ನಿವೃತ್ತಿಯ ದಿನ ಹಾರ, ಶಾಲು, ಫಲತಾಂಬೂಲ. ಮರುದಿನದಿಂದ ‘ತಮಗೇಕೆ ಆಯಾಸ, ವಿಶ್ರಾಂತಿ ಪಡೆಯಿರಿ’ ಎಂಬ ಉಪಚಾರ. ಲೆಕ್ಕದಲ್ಲಿ ಹಿಂದುಳಿದ ಮಕ್ಕಳು ಅದೇ ಬೀದಿಯಲ್ಲಿರುತ್ತಾರೆ. ಮೇಷ್ಟ್ರೂ ಅಲ್ಲಿಯೇ ಜಗುಲಿಯ ಮೇಲೆ ಕುಳಿತಿರುತ್ತಾರೆ. ಇವರನ್ನು ಅವರ ಬಳಿಗೆ ಕಳುಹಿಸುವವರಿಲ್ಲ. ವಾರಕ್ಕೊಂದು ಗಂಟೆ ಅವರಿಗೆ ಪಾಠವನ್ನೊಪ್ಪಿಸಲು ಶಾಲೆಗಳಿಗೆ ಹಣವೇನೂ ಬೇಕಿಲ್ಲ. ದಾನಿಗಳೂ ಸನ್ಮಾನದ ಶಾಲುಗಳಿಗೆ ವ್ಯಯಿಸುವ ಹಣದಲ್ಲಿ ಒಂದಂಶವನ್ನು ಶ್ರವಣಯಂತ್ರಗಳಿಗೆ ಮೀಸಲಿಟ್ಟರೆ, ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರು ಮತ್ತೆ ಮಾತಿಗೆ ಬಂದಾರು.