ವೆಬ್‌ಸೈಟ್‌ಗೂ ಖಾತೆ ಮಾಡಿಸಬೇಕಾ?

ಈ ವರ್ಷದ ಬೋಧನಾಭ್ಯಾಸದ ಎರಡನೇ ವಾರ ನಾನು ವೀಕ್ಷಿಸಿದ ಒಂದು ಪಾಠ ಇನ್ನೂ ತಲೆಯಲ್ಲಿ ಕೂತಿದೆ. ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ವಿಷಯ: ವೆಬ್ ವಿನ್ಯಾಸದ ಪರಿಚಯ. ಪ್ರಶಿಕ್ಷಣಾರ್ಥಿ ಚೆನ್ನಾಗಿ ತಯಾರಾಗಿ ಬಂದಿದ್ದರು. ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ ಎಡಕ್ಕೆ ಪದ, ಬಲಕ್ಕೆ ಅರ್ಥ ಬರೆದರು. ವೆಬ್‌ಸೈಟ್, ಮುಖಪುಟ, ಬ್ರೌಸರ್, ಸರ್ವರ್, ಡೊಮೇನ್, ಹೋಸ್ಟಿಂಗ್, ಎಚ್‌ಟಿಎಂಎಲ್, ಸಿಎಸ್‌ಎಸ್ ಹೀಗೆ ಹದಿನಾಲ್ಕು ಪದಗಳು. ಮಕ್ಕಳು ಬರೆದುಕೊಂಡರು, ಒಕ್ಕೊರಲಿನಿಂದ ಓದಿದರು. ನಾನು ವೀಕ್ಷಣಾ ನಮೂನೆಯಲ್ಲಿ ‘ಕಪ್ಪುಹಲಗೆಯ ಬಳಕೆ’ ಎಂಬುದರ ಎದುರು ‘ಉತ್ತಮ’ ಎಂದು ಬರೆದೆ.

ಪಾಠ ಮುಗಿಯುವ ಹೊತ್ತಿಗೆ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮಿಸ್, ನಮ್ಮಪ್ಪ ಹೋದ ವರ್ಷ ಒಂದು ಸೈಟ್ ತಗೊಂಡ್ರು. ಇನ್ನೂ ಖಾತೆ ಆಗಿಲ್ಲ. ವೆಬ್‌ಸೈಟ್‌ಗೂ ಖಾತೆ ಮಾಡಿಸ್ಬೇಕಾ?” ತರಗತಿ ಗೊಳ್ಳೆಂದು ನಕ್ಕಿತು. ಪ್ರಶಿಕ್ಷಣಾರ್ಥಿ ನನ್ನ ಕಡೆ ಒಮ್ಮೆ ನೋಡಿ, “ಆ ಸೈಟೇ ಬೇರೆ, ಈ ಸೈಟೇ ಬೇರೆ, ಕೂತ್ಕೋ” ಎಂದರು. ನಾನೂ ಸುಮ್ಮನಿದ್ದೆ. ಆ ಅವಧಿಯಲ್ಲಿ ಯಾರಾದರೂ ನಿಜವಾಗಿ ಯೋಚಿಸಿದ್ದರೆ ಅದು ಅವನೊಬ್ಬನೇ ಎಂದು ನನಗೆ ಹೊಳೆದದ್ದು ಬಸ್ಸಿನಲ್ಲಿ ಮನೆಗೆ ಹೋಗುವಾಗ.

ಹೊಸಬರಿಗೆ ವೆಬ್ ಪದಗಳನ್ನು ಹೇಳಿಕೊಡುವಾಗ ನಾವೆಲ್ಲ ಒಂದು ಹೋಲಿಕೆ ಬಳಸುತ್ತೇವೆ: ವೆಬ್‌ಸೈಟ್ ಎಂದರೆ ಮನೆ, ಹೋಸ್ಟಿಂಗ್ ಎಂದರೆ ಮನೆ ಕಟ್ಟುವ ಜಾಗ, ಡೊಮೇನ್ ಎಂದರೆ ವಿಳಾಸ. ಇಂಗ್ಲಿಷಿನಲ್ಲಿ ಇದು ಸರಾಗ. ಆದರೆ ನಮ್ಮ ಊರುಗಳಲ್ಲಿ ಸೈಟ್ ಎಂದರೆ ನಿವೇಶನ, ಮೂವತ್ತು-ನಲವತ್ತರ ಖಾಲಿ ಜಾಗ. ಮಗುವಿನ ಮನಸ್ಸಿನಲ್ಲಿ ಸೈಟ್ ಆಗಲೇ ಜಾಗವಾಗಿ ಕೂತಿರುವಾಗ ನಾವು ‘ಸೈಟ್ ಅಂದರೆ ಮನೆ, ಜಾಗ ಅಂದರೆ ಹೋಸ್ಟಿಂಗ್’ ಎಂದರೆ ಅದು ಏನು ಮಾಡಬೇಕು? ಬಾಯಿಪಾಠ ಮಾಡುತ್ತದೆ.

ಈ ತೊಡಕು ಒಂದು ಪದದ್ದಲ್ಲ. ‘ಮುಖಪುಟ’ ಎಂದರೆ ಪುಸ್ತಕದ ರಟ್ಟಿನ ಮೇಲಿನ ಚಿತ್ರ ಎಂದು ಮಕ್ಕಳಿಗೆ ಗೊತ್ತು. ಎಲ್ಲಿಗೆ ಹೋದರೂ ಮರಳಿ ಬರುವ ಜಾಗ ಎಂಬ ಅರ್ಥ ಆ ಪದದಲ್ಲಿಲ್ಲ. ‘ಪುಟ’ಕ್ಕೆ ಅಳತೆಯಿದೆ, ವೆಬ್ ಪುಟಕ್ಕಿಲ್ಲ. ಬ್ರೌಸರ್ ಯಾವುದು ಎಂದು ಕೇಳಿದರೆ ಬರುವ ಉತ್ತರ ‘ಗೂಗಲ್’. ಇನ್ನು ಸರ್ವರ್! ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತ ಯಾವ ಮಗುವೂ ಈ ಪದ ಕೇಳದೆ ಇರಲಾರದು. ಅದರ ಮಟ್ಟಿಗೆ ಸರ್ವರ್ ಎಂದರೆ ಅಕ್ಕಿ ಸಿಗದಿರುವುದಕ್ಕೆ ಕಾರಣ. ನಗುವ ಮಾತಲ್ಲ, ಪಾಠ ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣದು. ಹೆಬ್ಬೆಟ್ಟಿನ ಗುರುತು ಎಲ್ಲಿಗೋ ಹೋಗಿ, ಅಲ್ಲಿಂದ ಉತ್ತರ ಬರಬೇಕು; ಬರಲಿಲ್ಲ. ಆ ‘ಎಲ್ಲಿಗೋ’ ಯಾವುದು?

ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಕಲಂ ಇದೆಯಲ್ಲ, ಅದರಲ್ಲಿ ನಮ್ಮವರು ‘ವಿದ್ಯಾರ್ಥಿಗಳಿಗೆ ಕಂಪ್ಯೂಟರಿನ ಪರಿಚಯವಿದೆ’ ಎಂದು ಬರೆದು ಮುಗಿಸುತ್ತಾರೆ. ಪರಿಚಯವಿದೆ, ಸರಿ. ಯಾವ ಪದ, ಯಾವ ಅರ್ಥದಲ್ಲಿ?

ಇನ್ನೊಂದು ಮಾತು. ಈ ಪದಗಳು ಹುಟ್ಟಿದ್ದೇ ಒಂದೊಂದು ತೊಂದರೆಗೆ ಉತ್ತರವಾಗಿ. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಬೇರೆಬೇರೆ ಕಂಪ್ಯೂಟರುಗಳಲ್ಲಿ ಚದುರಿದ್ದ ಮಾಹಿತಿಯನ್ನು ಒಂದಕ್ಕೊಂದು ಕೊಂಡಿ ಹಾಕಲು 1989ರಲ್ಲಿ ಟಿಮ್ ಬರ್ನರ್ಸ್-ಲೀ ಒಂದು ಪ್ರಸ್ತಾವ ಬರೆದರು. ಅದರಿಂದ ಎಚ್‌ಟಿಎಂಎಲ್ ಬಂತು. ಪುಟದಲ್ಲಿ ಏನಿದೆ ಎಂಬುದನ್ನೂ ಅದು ಹೇಗೆ ಕಾಣಬೇಕು ಎಂಬುದನ್ನೂ ಬೇರೆ ಮಾಡಬೇಕೆಂದು 1994ರಲ್ಲಿ ಹೋಕನ್ ವಿಯುಮ್ ಲೀ ಸಿಎಸ್‌ಎಸ್ ಸೂಚಿಸಿದರು. ಫೋನಿನ ಸಣ್ಣ ಪರದೆಯಲ್ಲೂ ಜನ ಪುಟ ನೋಡತೊಡಗಿದ ಮೇಲೆ, 2010ರಲ್ಲಿ, ಈಥನ್ ಮಾರ್ಕಾಟ್ ‘ರೆಸ್ಪಾನ್ಸಿವ್’ ವಿನ್ಯಾಸ ಎಂಬ ಹೆಸರು ಕೊಟ್ಟರು. ನಾವು ತೊಂದರೆಯನ್ನು ಬಿಟ್ಟು ಉತ್ತರವನ್ನಷ್ಟೇ ಹಲಗೆಯ ಮೇಲೆ ಬರೆಯುತ್ತಿದ್ದೇವೆ.

ಮುಂದಿನ ವಾರ ಅದೇ ಪ್ರಶಿಕ್ಷಣಾರ್ಥಿ ಜೊತೆ ಕೂತು ಯೋಜನೆ ಬದಲಿಸಿದೆವು. ಶಾಲೆಯಲ್ಲಿ ಇದ್ದದ್ದು ಮೂರು ಕಂಪ್ಯೂಟರು. ಇಂಟರ್‌ನೆಟ್ ಇರಲಿಲ್ಲ, ಅದೇ ಅನುಕೂಲವಾಯಿತು. ಮಕ್ಕಳು ನೋಟ್‌ಪ್ಯಾಡಿನಲ್ಲಿ ತಮ್ಮ ಊರಿನ ಬಗ್ಗೆ ನಾಲ್ಕು ಸಾಲು ಬರೆದು, ಎಚ್‌ಟಿಎಂಎಲ್ ಫೈಲಾಗಿ ಉಳಿಸಿ, ಬ್ರೌಸರಿನಲ್ಲಿ ತೆರೆದರು. ನಾಲ್ಕೂ ಸಾಲು ಒಂದಕ್ಕೊಂದು ಅಂಟಿಕೊಂಡು ಕಂಡವು. “ನಾವು ಎಂಟರ್ ಒತ್ತಿದ್ವಲ್ಲ ಮಿಸ್!” ಒತ್ತಿದ್ದು ನಿಜ, ಬ್ರೌಸರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಾಲು ಎಲ್ಲಿ ಮುಗಿಯಿತೆಂದು ಅದಕ್ಕೆ ತಿಳಿಸಲು ಒಂದು ಗುರುತು ಬೇಕು. ‘ಟ್ಯಾಗ್’ ಎಂಬ ಪದ ಹಲಗೆಗೆ ಬಂದದ್ದು ಆಗ. ಒಂದು ಕಂಪ್ಯೂಟರಿನಲ್ಲಿ ಕನ್ನಡದ ಬದಲು ವಿಚಿತ್ರ ಚಿಹ್ನೆಗಳು ಬಂದವು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪ್ರಶ್ನೆಪತ್ರಿಕೆಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಪರದಾಡಿದ ನಮಗೆ ಇಂಥ ಸಂಕಟ ಹೊಸದಲ್ಲ. ಅಕ್ಷರಗಳನ್ನು ಯಾವ ಪಟ್ಟಿಯ ಪ್ರಕಾರ ಓದಬೇಕೆಂದು ಫೈಲಿನ ಮೊದಲಿಗೇ ಹೇಳಿ, ಯುಟಿಎಫ್-8 ಎಂದು ಬರೆದಾಗ ಕನ್ನಡ ಬಂತು. ಊಟದ ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಆಮೇಲೆ ಒಬ್ಬಳು ಕೇಳಿದಳು: ನನ್ನ ಪುಟ ಪಕ್ಕದ ಕಂಪ್ಯೂಟರಿನಲ್ಲಿ ಯಾಕೆ ಕಾಣಲ್ಲ? ಯಾರು ಯಾವಾಗ ಕೇಳಿದರೂ ಪುಟವನ್ನು ಕೊಡಲು ಸದಾ ತೆರೆದಿರುವ ಒಂದು ಕಂಪ್ಯೂಟರು ಬೇಕು ಎಂದಾಗ ನ್ಯಾಯಬೆಲೆ ಅಂಗಡಿ ತಾನಾಗಿ ಮಾತಿಗೆ ಬಂತು. ಅದನ್ನು ಹುಡುಕಲು ಒಂದು ಹೆಸರು ಬೇಕು, ಆ ಹೆಸರನ್ನು ನೋಂದಾಯಿಸಬೇಕು, ಅವಧಿ ಮುಗಿದಾಗ ಹಣ ಕಟ್ಟಿ ನವೀಕರಿಸಬೇಕು ಎಂದು ಪ್ರಶಿಕ್ಷಣಾರ್ಥಿ ಹೇಳುತ್ತಿದ್ದಂತೆ ಕೊನೆಯ ಬೆಂಚಿನ ಹುಡುಗ ಎದ್ದ. “ಕಟ್ಟದಿದ್ರೆ?” ಆ ಹೆಸರು ಕೊನೆಗೆ ಬೇರೆಯವರ ಪಾಲಾಗಬಹುದು ಎಂದರು. “ಹಾಗಾದ್ರೆ ಅದು ಖಾತೆ ಅಲ್ಲ ಮಿಸ್, ಬಾಡಿಗೆ.” ಡೊಮೇನ್ ಬಗ್ಗೆ ನಾನು ಓದಿದ ವ್ಯಾಖ್ಯೆಗಳಲ್ಲಿ ಇಷ್ಟು ಸ್ಪಷ್ಟವಾದವು ಕಡಿಮೆ. ಆ ದಿನ ಹಲಗೆಯ ಮೇಲೆ ಆರೇ ಪದಗಳಿದ್ದವು.

ಆರು ಪದಕ್ಕೆ ಎರಡು ಅವಧಿ ಹಿಡಿಯಿತು, ಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳುತ್ತಾರೆ, ಉಳಿದ ಎಂಟು ಪದಗಳ ಗತಿಯೇನು ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ವ್ಯಾಖ್ಯೆ ಬೇಡವೆಂದು ನಾನು ಹೇಳುತ್ತಿಲ್ಲ. ಉಳಿದ ಎಂಟನ್ನು ಮನೆಯಲ್ಲಿ ಓದಿಕೊಂಡು ಬರಲು ಹೇಳಿದರೂ ನಡೆದೀತು, ಮೊದಲ ಆರು ಕೈಗೆ ಸಿಕ್ಕಿದ್ದರೆ. ಇಂಗ್ಲಿಷ್ ಪದ ಬಿಟ್ಟು ‘ಜಾಲತಾಣ’, ‘ಜಾಲವೀಕ್ಷಕ’ ಎಂದು ಕಲಿಸಿದರೆ ಸುಲಭವಾದೀತೆಂಬ ಸಲಹೆಯೂ ಬಂತು. ಜಾಲತಾಣ ನನಗೂ ಇಷ್ಟದ ಪದ. ಆದರೆ ವಸ್ತುವೇ ಕೈಗೆ ಸಿಗದಿದ್ದಾಗ ಕನ್ನಡ ಪದವೂ ಬಾಯಿಪಾಠವೇ ಆಗುತ್ತದೆ.

ನನ್ನ ಬೇಡಿಕೆ ಸಣ್ಣದು. ನಾವು ಐದು ಹಂತಗಳ ಪಾಠಯೋಜನೆ ಬರೆಸುತ್ತೇವೆ. ಅದರಲ್ಲಿ ವಿವರಣೆ ಬರುವುದು ಮೂರನೆಯದಾಗಿ, ತೊಡಗಿಸಿಕೊಳ್ಳುವಿಕೆ ಮತ್ತು ಅನ್ವೇಷಣೆಯ ನಂತರ. ಆದರೂ ನಮ್ಮ ನಮೂನೆಯಲ್ಲಿ ‘ಹೊಸ ಪದಗಳು’ ಎಂಬ ಕಲಂ ಮೊದಲ ಪುಟದಲ್ಲೇ ಇದೆ. ಪ್ರಶಿಕ್ಷಣಾರ್ಥಿಗಳು ಅಲ್ಲಿಂದಲೇ ಪಾಠ ಶುರುಮಾಡುತ್ತಾರೆ. ಆ ಕಲಂ ಮೂರನೇ ಹಂತಕ್ಕೆ ಹೋಗಲಿ. ಮೊದಲ ಪುಟದಲ್ಲಿ ‘ಈ ಪದಕ್ಕೆ ಮಗುವಿನ ಬಳಿ ಈಗಿರುವ ಅರ್ಥ’ ಎಂಬ ಕಲಂ ಬರಲಿ. ಅದನ್ನು ಶಾಲೆಗೆ ಹೋಗಿ ಮಕ್ಕಳನ್ನು ಕೇಳಿಯೇ ತುಂಬಬೇಕು. ಮುಂದಿನ ಸೆಮಿಸ್ಟರಿನ ನಮೂನೆ ಅಚ್ಚಿಗೆ ಹೋಗುವ ಮೊದಲು ಸಹೋದ್ಯೋಗಿಗಳು ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಆ ಮೊದಲ ಪಾಠಕ್ಕೆ ನಾನು ಕೊಟ್ಟ ‘ಉತ್ತಮ’ ಕಡತದಲ್ಲಿ ಹಾಗೇ ಇದೆ.