ಸಣ್ಣ ಮರಿ ಒಗಿಬ್ಯಾಡ್ರಿ, ಮೊದಲ ಬೆಚ್ಚಗ ಮಾಡ್ರಿ

ಕಬ್ಬು, ಗೋವಿನಜೋಳದ ಬಗ್ಗೆ ಭಾಳ ಬರದೇನಿ. ಇವತ್ತು ಹಿತ್ತಲದಾಗಿನ ಕೋಳಿ ಮರಿ ಬಗ್ಗೆ ಬರೀತೇನಿ. ಸಣ್ಣ ವಿಷಯ ಅನ್ನಬ್ಯಾಡ್ರಿ. ಕಬ್ಬಿನ ಬಿಲ್ಲಿಗೆ ನಾವು ತಿಂಗಳಗಟ್ಟಲೆ ಕಾಯತೀವಿ, ಕೋಳಿ ತತ್ತಿ ರೊಕ್ಕ ಮಾತ್ರ ಸಂತಿ ದಿನ ಮನಿ ಹೆಣ್ಣಮಕ್ಕಳ ಕೈಗೆ ಬರತೈತಿ.

ಒಂದು ಹ್ಯಾಟಿ ಹನ್ನೆರಡು ಮರಿ ತಗದರ ಅದರಾಗ ಒಂದೆರಡು ಸಣ್ಣವು ಇರತಾವು. ರೆಕ್ಕಿ ಇಳಿಬಿಟ್ಟು, ಕಣ್ಣು ಮುಚ್ಚಿ ಮೂಲ್ಯಾಗ ನಿಂತಿರತಾವು. "ಅದರ ಹಣೆಬರಹ ಅಷ್ಟ, ಬಿಡ್ರಿ" ಅಂತೀವಿ. ನಾನೂ ಹಂಗ ಅಂತಿದ್ದೆ. ಈಗ ನನ್ನ ಅಭಿಪ್ರಾಯ ಬ್ಯಾರೆ. ಅಂಥಾ ಮರಿಗಳೊಳಗ ಭಾಳಷ್ಟು ರೋಗದ ಮರಿ ಅಲ್ಲ, ಥಂಡಿ ಹತ್ತಿದ ಮರಿ. ಆ ಥಂಡಿಗೆ ಕಾರಣ ನಾವ.

ಹೆಂಗ ಅಂತೀರಿ? ಇವತ್ತ ಎರಡು, ನಾಡದ ಮೂರು ಅಂತ ಹ್ಯಾಟಿ ಬುಡಕ ತತ್ತಿ ಇಡತೀವಿ. ತತ್ತಿಗೆ 21 ದಿನ ಕಾವು ಬೇಕು. ಮೊದಲ ಇಟ್ಟದ್ದು ಮೊದಲ ಒಡೀತೈತಿ. ಆ ಮರಿ ಕರಕೊಂಡು ತಾಯಿ ಬುಟ್ಟಿ ಬಿಟ್ಟು ಹೋಗತೈತಿ, ಕಡೀಕ ಒಡದದ್ದು ಹಸಿ ಮೈಲೆ ಹಿಂದ ಉಳೀತೈತಿ. ಅದಕ್ಕ ತತ್ತಿ ತಂಪು ಜಾಗಾದಾಗ ಕೂಡಿಸಿಟ್ಟು, ವಾರದೊಳಗ ಎಲ್ಲಾ ಒಂದ ದಿನ ಕಾವಿಗೆ ಇಡ್ರಿ. ಅರ್ಧ ತೊಂದರೆ ಅಲ್ಲೇ ಮುಗೀತೈತಿ.

ಗಿರಿರಾಜ, ಸ್ವರ್ಣಧಾರ ಮರಿ ತರೋರದು ಇನ್ನೊಂದು ತಪ್ಪು. ಇವು ಬೆಂಗಳೂರ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಾಗ ತಯಾರಾದ ತಳಿ. ಮಶಿನ್ಯಾಗ ಹುಟ್ಟಿದ ಮರಿ, ತಾಯಿ ಇಲ್ಲ. ನಾವ ತಾಯಿ ಆಗಬೇಕು. ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು, ಆಮ್ಯಾಲೆ ವಾರಕ್ಕ 3 ಡಿಗ್ರಿಯಂಗ ಇಳಸಬೇಕು. ಈಗ ಎಲ್ಲಾರ ಮನ್ಯಾಗೂ ಎಲ್‌ಇಡಿ ಬಲ್ಬು. ಅದು ಬೆಳಕು ಕೊಡತೈತಿ, ಮರಿಗೆ ಸಾಲುವಷ್ಟು ಶಾಖ ಕೊಡೂದಿಲ್ಲ. ಹಳೇ ತಂತಿ ಬಲ್ಬ ಬೇಕು. ಥರ್ಮಾಮೀಟರ್ ಇಲ್ಲಂದ್ರ ಮರಿ ನೋಡ್ರಿ: ಬಲ್ಬಿನ ಬುಡಕ ಒಂದರ ಮ್ಯಾಲ ಒಂದು ಬಿದ್ದಿದ್ದರ ಥಂಡಿ, ದೂರ ಹೋಗಿ ಬಾಯಿ ತಗದಿದ್ದರ ಸೆಕಿ, ಎಲ್ಲಾ ಕಡೆ ಹರಡಿ ಮೇಯತಿದ್ದರ ಬರೋಬ್ಬರಿ.

ಸಣ್ಣ ಮರಿ ಕಂಡಕೂಡಲೇ ರಟ್ಟಿನ ಡಬ್ಬಿಗೆ ಶೇಂಗಾ ಹೊಟ್ಟು ಹಾಕಿ ಬ್ಯಾರೆ ಇಡ್ರಿ. ಒಂಟಿ ಇಟ್ಟರ ಒದರಿ ಒದರಿ ಸೋಲತೈತಿ, ಗರೀಬ ಸ್ವಭಾವದ ಇನ್ನೊಂದು ಮರಿ ಜೋಡಿ ಇಡ್ರಿ. ರಾತ್ರಿ ಕರೆಂಟ್ ಹೋದರ ಬಿಸಿನೀರಿನ ಬಾಟಲಿಗೆ ಅರಿವಿ ಸುತ್ತಿ ಬಾಜೂಕ ಇಡ್ರಿ. ಮೈ ಬೆಚ್ಚಗಾಗೂ ತನಕ ಬಾಯಾಗ ಏನೂ ಹಾಕಬ್ಯಾಡ್ರಿ, ಥಂಡಿ ಮರಿಗೆ ತಿಂದದ್ದು ಅರಗೂದಿಲ್ಲ. ಬೆಚ್ಚಗಾದ ಮ್ಯಾಲೆ ಉಗುರುಬೆಚ್ಚಗಿನ ಬೆಲ್ಲದ ನೀರಾಗ ಚುಂಚದ ತುದಿ ಅದ್ದರಿ, ಅದ ಕುಡೀತೈತಿ. ಗಂಟಲದಾಗ ಸುರದರ ನೀರು ಶ್ವಾಸಕೋಶಕ್ಕ ಹೋಗಿ ಸಾಯತೈತಿ. ಬೆಲ್ಲದ ನೀರು ಒಂದ ದಿನ ಸಾಕು. ಹಿಂದಿನ ದ್ವಾರಕ್ಕ ಹಿಕ್ಕಿ ಒಣಗಿ ಅಂಟಿದ್ದರ ಬಿಸಿನೀರಿನ ಅರಿವಿಲೆ ನೆನಸಿ ತಗೀರಿ, ಜಗ್ಗಬ್ಯಾಡ್ರಿ.

ಇನ್ನ ಮೇವು. ನಾವು ಬರೀ ಗೋವಿನಜೋಳದ ನುಚ್ಚು ಹಾಕತೀವಿ. ಅದರಾಗ ಪ್ರೋಟೀನ್ ನೂರಕ್ಕ 8–9, ಮರಿಗೆ ಬೇಕಾದದ್ದು ನೂರಕ್ಕ 20ರ ಮ್ಯಾಲೆ. ಮರಿ ಬೆಳೀವಲ್ದು ಅಂದ್ರ ಹೆಂಗ ಬೆಳದೀತು? ಸ್ಟಾರ್ಟರ್ ಮೇವು ನೀರಾಗ ಸ್ವಲ್ಪ ಕಲಿಸಿ ಕೊಡ್ರಿ. ಇಲ್ಲಂದ್ರ ಕುದಿಸಿದ ತತ್ತಿ ಪುಡಿ ಮಾಡಿ ಹಾಕ್ರಿ. ನಮ್ಮ ಹಿರ್ಯಾರು ಗೆದ್ದಲ ಹಿಡದು ಹಾಕತಿದ್ದರು, ಅವರ ಲೆಕ್ಕ ಖರೇ ಇತ್ತು.

ಮರಿ ಸಪ್ಪಗಾದ ಕೂಡಲೇ ಅಂಗಡಿಗೆ ಓಡಿ ಆಂಟಿಬಯೋಟಿಕ್ ತರೂದಕ್ಕ ನನ್ನ ವಿರೋಧ ಐತಿ. ಥಂಡಿಗೆ ಗುಳಿಗಿ ಕೆಲಸ ಮಾಡೂದಿಲ್ಲ. ಆದರ ಹಿಕ್ಕ್ಯಾಗ ರಕ್ತ ಕಂಡರ, ಹಸರು ಹಿಕ್ಕಿ ಹಾಕಿ ಕುತ್ತಿಗಿ ತಿರುವಿದರ, ಅದು ರೋಗ. ಎರಡನೇದು ಕೊಕ್ಕರೆ ರೋಗ ಇರಬಹುದು. ಆಗ ತಡ ಮಾಡದ ಪಶು ಆಸ್ಪತ್ರಿಗೆ ಹೋಗ್ರಿ. ಕೊಕ್ಕರೆ ರೋಗಕ್ಕ ಲಸೋಟಾ ಲಸಿಕಿ 5ರಿಂದ 7ನೇ ದಿನದೊಳಗ ಹನಿ ಹಾಕಸಬೇಕು, ಅದನ್ನ ಮರೀಬ್ಯಾಡ್ರಿ.

ಎಲ್ಲಾ ಮರಿ ಉಳೀತಾವು ಅಂತ ನಾ ಹೇಳೂದಿಲ್ಲ. ಹೊಕ್ಕಳ ಮುಚ್ಚದ ಬಾತಿದ್ದು, ಕಾಲು ತಿರುವಿದ್ದು ಉಳಿಯೂದು ಕಷ್ಟ. ಮೂರು ದಿನ ಬೆಚ್ಚಗಿಟ್ಟರೂ ತಿನ್ನದಿದ್ದರ ಕೈ ಬಿಡಬೇಕಾಗತೈತಿ. ಉಳದದ್ದನ್ನ ಸಾಕ್ರಿ, ಮಾರ್ರಿ, ಆದರ ತಳಿಗೆ ಇಡಬ್ಯಾಡ್ರಿ. ಅದು ಥಂಡಿಗೆ ಸೋತಿತ್ತೋ, ಹುಟ್ಟಾ ದೋಷ ಇತ್ತೋ, ನಮ್ಮ ಕಣ್ಣಿಗೆ ತಿಳಿಯೂದಿಲ್ಲ.

"ಒಂದ ಮರಿಗೆ ಇಷ್ಟ ಯಾಕ?" ಅಂತ ಕೇಳೋರು ಅದಾರ. ನನ್ನ ಉತ್ತರ ಇಷ್ಟ: ಇವತ್ತ ಒಂದು ಮರಿ ಸೆಟದು ನಿಂತೈತಿ ಅಂದ್ರ ಗೂಡಿನಾಗ ಥಂಡಿ ಐತಿ, ಇಲ್ಲಾ ಮೇವು ಕಡಿಮಿ ಐತಿ. ನಾಳೆ ಉಳದವಕ್ಕೂ ಅದ ಗತಿ. ಸಣ್ಣ ಮರಿ ನಮ್ಮ ಕೆಲಸದ ತಪ್ಪು ಮೊದಲ ತೋರಸತೈತಿ. ಅದನ್ನ ಒಗದರ ತಪ್ಪು ಗೂಡಿನಾಗ ಉಳೀತೈತಿ.

ನಿಮ್ಮ ಕಡೆ ಏನ ಮಾಡತೀರಿ, ತಿಳಸ್ರಿ. ಹೆಚ್ಚು ಗೊತ್ತಿರೂದು ಮನಿ ಹೆಣ್ಣಮಕ್ಕಳಿಗೆ, ಅವರನ್ನ ಕೇಳಿ ಬರೀರಿ.