‘ಮಾನಭಂಗ’ ಎಂಬ ಪದ ಮತ್ತು ದೂರದ ಮೌನ

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಸ್ತ್ರೀಯು ದೂರು ನೀಡದಿರುವುದನ್ನು ಅಂಜಿಕೆಯೆಂದೋ ಅಜ್ಞಾನವೆಂದೋ ವ್ಯಾಖ್ಯಾನಿಸುವುದು ರೂಢಿಯಾಗಿದೆ. ಅನೇಕ ವೇಳೆ ಅದು ಸಾಧಕ ಬಾಧಕಗಳನ್ನು ತೂಗಿ ನೋಡಿ ಕೈಗೊಂಡ ನಿರ್ಧಾರವೂ ಆಗಿರುತ್ತದೆ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಮ್‌ಸ್ಟೇಯಲ್ಲಿ ಯುವತಿಯರ ಮೇಲೆ ನಡೆದ ಹಲ್ಲೆಯ ದೃಶ್ಯಗಳು ಟಿ.ವಿ.ಯಲ್ಲಿ ಬಿತ್ತರಗೊಂಡವು, 2024ರಲ್ಲಿ ನ್ಯಾಯಾಲಯವು ಆರೋಪಿಗಳನ್ನು ಖುಲಾಸೆಗೊಳಿಸಿತು. ಅದೇ ನಗರದ ಕೊಟ್ಟಾರದಲ್ಲಿ ಕುಳಿತು ಇದನ್ನೆಲ್ಲ ಕಂಡ ಹೆಣ್ಣು, ದೂರಿನ ಫಲ ಅನಿಶ್ಚಿತ, ಲೋಕನಿಂದೆ ನಿಶ್ಚಿತ ಎಂದು ಭಾವಿಸಿದರೆ ಅದನ್ನು ಅವಿವೇಕವೆನ್ನಲಾಗದು.

ಈ ಭಾವನೆಯನ್ನು ಬೆಳೆಸುವಲ್ಲಿ ಕನ್ನಡದ ಪಾಲೂ ಇದೆ. ‘ಅತ್ಯಾಚಾರ’ವೆಂಬ ಪದವಾದರೂ ಮಾಡಿದವನ ಆಚಾರವನ್ನು, ಅಂದರೆ ಎಲ್ಲೆ ಮೀರಿದ ನಡತೆಯನ್ನು ಹೆಸರಿಸುತ್ತದೆ. ‘ಮಾನಭಂಗ’, ‘ಶೀಲಹರಣ’ಗಳಲ್ಲಿ ಅಪರಾಧಿ ಕಾಣುವುದಿಲ್ಲ, ಕಳೆದುಕೊಂಡವಳು ಮಾತ್ರ ಕಾಣುತ್ತಾಳೆ. ಹೀಗಾಗಿ ದೂರು ಕೊಡುವುದೆಂದರೆ ತನಗೆ ಮಾನವಿಲ್ಲವೆಂದು ತಾನೇ ಸಾರಿಕೊಂಡಂತೆ ಆಕೆಗೆ ತೋರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು ಅತ್ಯಾಚಾರ ಸಂತ್ರಸ್ತೆಯ ಗುರುತನ್ನು ಪ್ರಕಟಿಸುವುದನ್ನು ಶಿಕ್ಷಾರ್ಹಗೊಳಿಸಿದೆ. ಪದವು ಹೊರಿಸುವ ಕಳಂಕಕ್ಕೆ ಅಂತಹ ತಡೆಯಿಲ್ಲ.

ದೂರು ನೀಡುವುದು, ಬಿಡುವುದು ಆಕೆಯ ವಿವೇಚನೆಗೆ ಸೇರಿದ್ದು. ಆ ವಿವೇಚನೆಯ ಮೇಲೆ ಭಾಷೆಯ ಭಾರ ಬೀಳದಂತೆ ನೋಡಿಕೊಳ್ಳುವುದು ಪಠ್ಯ ಬೋಧಿಸುವವರ, ನಿಘಂಟು ರಚಿಸುವವರ ಹೊಣೆಯಾಗಿದೆ.